ಕೆಡುತ್ತಿರುವ ಡಿಸ್ಕಿನಿಂದ ದನಿಗಳನ್ನು ಉಳಿಸಿಕೊಂಡ ಬಗೆ

ಕಂಪ್ಯೂಟರು ನಮ್ಮ ಶಾಲೆಯ ಮಕ್ಕಳಿಗೆ ಈಗ ಹೊಸ ವಸ್ತುವಲ್ಲ. ಪಾಠದ ಚಿತ್ರಗಳನ್ನು ನೋಡುವುದು, ಪರೀಕ್ಷೆಯ ಫಲಿತಾಂಶ ತಿಳಿಯುವುದು, ಅರ್ಜಿ ತುಂಬುವುದು ಇವೆಲ್ಲ ದಿನನಿತ್ಯದ ಮಾತಾಗಿವೆ. ಆದರೆ ನಾವು ಬರೆದುದೂ ಧ್ವನಿಮುದ್ರಿಸಿದುದೂ ಆ ಯಂತ್ರದೊಳಗೆ ಎಲ್ಲಿ ನಿಲ್ಲುತ್ತದೆ, ನಿಂತುದು ಹೇಗೆ ಕೆಡುತ್ತದೆ, ಕೆಡುತ್ತಿರುವಾಗ ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ ಎಂಬುದನ್ನು ಬಲ್ಲವರು ಮಕ್ಕಳಲ್ಲಿ ವಿರಳ. ತಂದೆತಾಯಂದಿರಲ್ಲಿ ಇನ್ನೂ ವಿರಳ. ನಾವೂ ಬಲ್ಲವರಾಗಿರಲಿಲ್ಲ. 2021ನೆಯ ಇಸವಿಯ ಆಟಿ ತಿಂಗಳಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಅನಿವಾರ್ಯವಾಗಿ ಕಲಿಯಬೇಕಾಯಿತು.

ನಮಗೆ ಕಣ್ಣು ಕಾಣಿಸದು. ಅನುಕಂಪವನ್ನು ಬಯಸಿ ಈ ಮಾತನ್ನು ಹೇಳುತ್ತಿಲ್ಲ; ಮುಂದೆ ಬರುವ ವಿಷಯಕ್ಕೆಲ್ಲ ಇದೇ ಆಧಾರವಾದುದರಿಂದ ಹೇಳಬೇಕಾಗಿದೆ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಮುಂತಾದ ಊರುಗಳಲ್ಲಿ ನಡೆದ ತಾಳಮದ್ದಳೆಗಳನ್ನು ಹದಿನಾಲ್ಕು ವರ್ಷಗಳಿಂದ ನಾವು ಧ್ವನಿಮುದ್ರಿಸಿ ಇಟ್ಟುಕೊಂಡಿದ್ದೆವು. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಹಾಡು, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು ಇವಿಷ್ಟರಿಂದಲೇ ನಡೆಯುವ ತಾಳಮದ್ದಳೆಯು ಕಣ್ಣಿಲ್ಲದವನಿಗೂ ಒಂದಿಷ್ಟೂ ಕುಂದಿಲ್ಲದೆ ಪೂರ್ತಿಯಾಗಿ ದೊರೆಯತಕ್ಕ ಕಲೆ. ಅಂತಹ 312 ಕೂಟಗಳು ನಮ್ಮಲ್ಲಿದ್ದುವು. ಅವುಗಳಲ್ಲಿ ಅರ್ಥ ಹೇಳಿದವರಲ್ಲಿ ಹಲವರು ಈಗ ಇಲ್ಲ. ಇವೆಲ್ಲವೂ ಒಂದೇ ಡಿಸ್ಕಿನಲ್ಲಿದ್ದುವು, ಬೇರೆ ಪ್ರತಿಯಿರಲಿಲ್ಲ. ಏಕೆ ಇರಲಿಲ್ಲವೆಂದು ಕೇಳಿದರೆ, ನಾಳೆ ಮಾಡೋಣವೆನ್ನುತ್ತ ಹದಿನಾಲ್ಕು ವರ್ಷ ಕಳೆದುದೇ ಉತ್ತರ.

ಡಿಸ್ಕೆಂದರೇನೆಂಬುದನ್ನು ಮೊದಲು ತಿಳಿಯೋಣ. ಕಾಸರಗೋಡು ಕೇರಳಕ್ಕೆ ಸೇರಿದ 1956ನೆಯ ಇಸವಿಯಲ್ಲೇ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಮೊತ್ತಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದಾಗಿ ತಿರುಗುತ್ತಿದ್ದುವು. ಅಷ್ಟೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಈಗಿನ ಡಿಸ್ಕು ಅಂಗೈಯಗಲದ ಪೆಟ್ಟಿಗೆ. ಒಳಗೆ ಕನ್ನಡಿಯಂತೆ ನುಣುಪಾದ ಒಂದೆರಡು ತಟ್ಟೆಗಳಿವೆ. ಅವುಗಳ ಮೇಲೆ ತೆಳುವಾದ ಕಾಂತೀಯ ಲೇಪವಿದೆ. ನಾವು ಬರೆಯುವುದೆಲ್ಲವೂ ಆ ಲೇಪದಲ್ಲಿ ಅತಿ ಸೂಕ್ಷ್ಮವಾದ ಕಾಂತದ ಗುರುತುಗಳಾಗಿ ಉಳಿಯುತ್ತದೆ. ಗುರುತುಗಳನ್ನು ಓದುವುದಕ್ಕೆ ಒಂದು ತೋಳಿನ ತುದಿಯಲ್ಲಿ ಓದುತಲೆಯಿದೆ. ಹಳೆಯ ಗ್ರಾಮಾಫೋನಿನ ಮುಳ್ಳನ್ನು ಕಂಡವರು ಅದನ್ನು ನೆನೆದುಕೊಳ್ಳಬಹುದು. ಆದರೆ ಗ್ರಾಮಾಫೋನಿನ ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ, ಇದು ಮುಟ್ಟುವುದಿಲ್ಲ. ತಿರುಗುವ ತಟ್ಟೆಯು ಎಬ್ಬಿಸುವ ಗಾಳಿಯ ಮೇಲೆ ಓದುತಲೆಯು ತೇಲುತ್ತಿರುತ್ತದೆ. ತೇಲುವ ಎತ್ತರವು ಕೆಲವೇ ನ್ಯಾನೋಮೀಟರು. ನಮ್ಮ ತಲೆಗೂದಲೊಂದರ ದಪ್ಪವು ಅದಕ್ಕಿಂತ ಸಾವಿರಾರು ಪಾಲು ಹೆಚ್ಚು. ಹೀಗಿರಲು ಒಂದು ಧೂಳಿನ ಕಣವೂ ಆ ಸಂದಿಗೆ ಬಂಡೆಯೇ ಸರಿ. ಓದುತಲೆ ತಟ್ಟೆಯನ್ನು ತಾಗಿದರೆ ಲೇಪವು ಕೆರೆದುಹೋಗುತ್ತದೆ. ಲೇಪದೊಡನೆ ಅಲ್ಲಿ ಬರೆದುದೂ ಹೋಗುತ್ತದೆ; ಕಿತ್ತುಬಂದ ಪುಡಿಯು ಇನ್ನಷ್ಟು ಗಾಯಗಳನ್ನು ಮಾಡುತ್ತದೆ.

ಕರೆಂಟು ಒಮ್ಮೆಲೇ ಹೋದಾಗ ಓದುತಲೆಯು ತಟ್ಟೆಯ ಮೇಲೆ ಬೀಳಬೇಕಲ್ಲವೇ ಎಂದು ಮಕ್ಕಳು ಕೇಳಬಹುದು. ಬೀಳದಂತೆ ಒಂದು ಜಾಣತನದ ಏರ್ಪಾಡಿದೆ. ತಟ್ಟೆಯು ಇನ್ನೂ ತಿರುಗುತ್ತಿರುವ ಆ ಒಂದೆರಡು ಕ್ಷಣಗಳಲ್ಲಿ ಅದರ ಮೋಟಾರೇ ಡೈನಮೋವಿನಂತೆ ವಿದ್ಯುತ್ತನ್ನು ಕೊಡುತ್ತದೆ; ಆ ಶಕ್ತಿಯಿಂದ ತೋಳು ಹಿಂದಕ್ಕೆ ಸರಿದು ತನ್ನ ತಾಣವನ್ನು ಸೇರಿಕೊಳ್ಳುತ್ತದೆ. ಆದರೂ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಮಳೆಗಾಲದಲ್ಲಿ ಡಿಸ್ಕಿಗೆ ಸುಖವಿಲ್ಲ. ಸಿಡಿಲಿನ ಕಾಲದಲ್ಲಂತೂ ಹೇಳತಕ್ಕದ್ದೇ ಇಲ್ಲ.

ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. 5400 ಸುತ್ತಿನದಾದರೆ 90. ಇವು ಎರಡೂ ಕಿವಿಗೆ ಕೇಳಿಸತಕ್ಕ ಮಂದ್ರ ಸ್ವರಗಳು. ಕಣ್ಣಿರುವವರು ಇದನ್ನು ಗಮನಿಸುವುದಿಲ್ಲ. ಅವರ ಗಮನವೆಲ್ಲ ಪರದೆಯಲ್ಲಿ ನೆಟ್ಟಿರುತ್ತದೆ. ನಮಗಾದರೋ ಆ ದನಿಯು ಹಿನ್ನೆಲೆಯ ಶ್ರುತಿಯಂತೆ ಸದಾ ಇರುವಂಥದು. ಆದುದರಿಂದ ಶ್ರುತಿ ತಪ್ಪಿದುದು ನಮಗೆ ಬೇಗ ತಿಳಿಯಿತು. ಮೊದಲು ಒಂದು ಫೈಲನ್ನು ತೆರೆಯುವಾಗ ತಡವಾಗತೊಡಗಿತು. ಆ ತಡದ ನಡುವೆ ಸಣ್ಣ ಟಿಕ್ ಟಿಕ್ ಶಬ್ದ. ಒಂದು ವಾರದ ತರುವಾಯ ಡಿಸ್ಕು ತಿರುಗುವುದನ್ನು ನಿಲ್ಲಿಸಿ, ಮತ್ತೆ ಏರುದನಿಯಿಂದ ಪ್ರಾರಂಭಿಸತೊಡಗಿತು. ಈ ಟಿಕ್ ಶಬ್ದದ ಅರ್ಥವೇನೆಂದರೆ, ಓದುತಲೆಯು ತಟ್ಟೆಯಲ್ಲಿರುವ ದಾರಿಗುರುತುಗಳನ್ನು ಕಾಣದೆ ಹಿಂದಕ್ಕೆ ಬಂದು ಪುನಃ ಹೊರಡುತ್ತಿದೆ. ಇಂಥ ಶಬ್ದವನ್ನು ಕೇಳಿದವರು, ಕಣ್ಣಿದ್ದವರಾಗಲಿ ಇಲ್ಲದವರಾಗಲಿ, ಆ ಕ್ಷಣದಲ್ಲೇ ಯಂತ್ರವನ್ನು ನಿಲ್ಲಿಸತಕ್ಕದ್ದು. ನಾವು ನಿಲ್ಲಿಸಲಿಲ್ಲ. ಒಂದು ಕೂಟವನ್ನು ಪೂರ್ತಿ ಕೇಳಿ ಮುಗಿಸೋಣವೆಂದು ಎರಡು ದಿನ ನಡೆಸಿದೆವು. ಕಳೆದುಹೋದುದರಲ್ಲಿ ಒಂದು ಪಾಲು ಆ ಎರಡು ದಿನಗಳಲ್ಲೇ ಹೋಗಿರಬೇಕೆಂದು ನಮ್ಮ ಊಹೆ.

ಇಲ್ಲಿ ಅಂಧರಿಗೆ ಮಾತ್ರ ಬರುವ ಒಂದು ತೊಡಕನ್ನು ವಿವರಿಸಬೇಕು. ನಾವು ಕಂಪ್ಯೂಟರನ್ನು ನಡೆಸುವುದು ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ಒಂದು ತಂತ್ರಾಂಶದಿಂದ. ಅದರ ಹೆಸರು ಎನ್.ವಿ.ಡಿ.ಎ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣರು 2006ರಲ್ಲಿ ಅದನ್ನು ಆರಂಭಿಸಿದರು. ಅವರಂತೆಯೇ ಅಂಧರಾದ ಜೇಮ್ಸ್ ಟೆ ಎಂಬವರು ಅವರೊಡನೆ ಸೇರಿದರು. ಬೆಲೆಯಿಲ್ಲದೆ ಎಲ್ಲರಿಗೂ ಸಿಗತಕ್ಕದ್ದು, ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಯಂತ್ರದ್ದೇ ಆದರೂ ಅಭ್ಯಾಸವಾದ ಮೇಲೆ ಕಿವಿಗೆ ಹಿತವೇ. ಇದು ಕೂಡ ಒಂದು ತಂತ್ರಾಂಶವಾದುದರಿಂದ ಅದೂ ಡಿಸ್ಕಿನಲ್ಲೇ ವಾಸವಾಗಿದೆ. ಡಿಸ್ಕು ತಡವರಿಸಿದರೆ ಓದುವ ದನಿಯೂ ತಡವರಿಸುತ್ತದೆ. ಡಿಸ್ಕು ನಿಂತರೆ ದನಿಯೂ ನಿಲ್ಲುತ್ತದೆ. ಕಣ್ಣಿದ್ದವರಿಗೆ ಡಿಸ್ಕು ಕೆಟ್ಟರೂ ಪರದೆಯ ಮೇಲೆ ನಾಲ್ಕು ಅಕ್ಷರಗಳಾದರೂ ಕಾಣಿಸುತ್ತವೆ. ನಮಗೆ ಏನಾಯಿತೆಂದು ಹೇಳಬೇಕಾದ ಬಾಯಿಯೇ ಮೊದಲು ಮುಚ್ಚಿಹೋಗುತ್ತದೆ. ಆ ದಿನ ಸಾಯಂಕಾಲ ನಮ್ಮ ಯಂತ್ರವು ಒಂದು ಶಬ್ದದ ಅರ್ಧವನ್ನು ಹೇಳಿ ಮೌನವಾಯಿತು. ಅದು ಕೆಟ್ಟಿತೋ, ನಮಗೆ ಕಿವಿ ಕೇಳಿಸದಾಯಿತೋ ಎಂದು ಒಂದು ಗಳಿಗೆ ಸಂದೇಹವಾಯಿತೆಂದರೆ ಅತಿಶಯೋಕ್ತಿಯಲ್ಲ.

ಮಾರನೆಯ ದಿನ ಪೇಟೆಯ ಒಂದು ಅಂಗಡಿಗೆ ಒಯ್ದೆವು. ಅಲ್ಲಿನವರು ಹತ್ತು ನಿಮಿಷ ನೋಡಿ, “ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ, ಒಳಗಿರುವುದು ಹೋಗುತ್ತದೆ, ಮಾಡಲೇ?” ಎಂದು ಕೇಳಿದರು. ಒಳಗಿರುವುದಕ್ಕೋಸ್ಕರವೇ ನಾವು ಬಂದುದು ಎಂದು ಹೇಳಿ ಡಿಸ್ಕನ್ನು ಹಿಂದಕ್ಕೆ ಪಡೆದು ಬಸ್ಸು ಹತ್ತಿದೆವು. ಅವರು ಕೇಳಿ ಮಾಡಹೊರಟರು, ಕೇಳದೆ ಮಾಡಲಿಲ್ಲ; ಅದಕ್ಕಾಗಿ ಈಗಲೂ ಕೃತಜ್ಞರಾಗಿದ್ದೇವೆ. ದೊಡ್ಡ ನಗರಗಳಲ್ಲಿ ಧೂಳಿಲ್ಲದ ಕೋಣೆಯೊಳಗೆ ಡಿಸ್ಕನ್ನು ಬಿಚ್ಚಿ, ಓದುತಲೆಯನ್ನು ಬದಲಾಯಿಸಿ ದತ್ತವನ್ನು ಹೊರತೆಗೆಯುವ ಸಂಸ್ಥೆಗಳಿವೆ. ಡಿಸ್ಕು ತಿರುಗುವುದೇ ಇಲ್ಲವಾದರೆ ಅಥವಾ ಬರಿಯ ಟಿಕ್ ಶಬ್ದವನ್ನು ಮಾತ್ರ ಮಾಡುತ್ತಿದ್ದರೆ ಅವರ ವಿನಾ ಗತಿಯಿಲ್ಲ. ನಮ್ಮದು ಇನ್ನೂ ಆ ಸ್ಥಿತಿಗೆ ಬಂದಿರಲಿಲ್ಲ. ಅಲ್ಲದೆ ನಮ್ಮ ಪತ್ರಗಳನ್ನೂ ಬ್ಯಾಂಕಿನ ಕಾಗದಗಳನ್ನೂ ಪರದೆಯಲ್ಲಿ ಯಾರು ಯಾರು ನೋಡುತ್ತಿದ್ದಾರೆಂಬುದು ಪಕ್ಕದಲ್ಲೇ ಕುಳಿತರೂ ನಮಗೆ ತಿಳಿಯದು. ಆದುದರಿಂದ ಆದಷ್ಟನ್ನು ಮನೆಯಲ್ಲೇ ಮಾಡಬೇಕೆಂದು ನಿಶ್ಚಯಿಸಿದೆವು.

ಮಾಡಬಾರದ ಕೆಲಸಗಳನ್ನು ಬೇಗನೆ ಹೇಳಿಬಿಡುತ್ತೇವೆ. ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ತೆರೆಯಬಾರದು. ತಣ್ಣಗಾದರೆ ಸರಿಹೋಗುತ್ತದೆಂದು ಫ್ರಿಜ್ಜಿನಲ್ಲಿ ಇಡುವ ಒಂದು ನಂಬಿಕೆಯುಂಟು; ಹೊರತೆಗೆದಾಗ ಒಳಗೆ ನೀರಿನ ಹನಿಗಟ್ಟುವುದೇ ಅದರ ಫಲ. ಕೆಡುತ್ತಿರುವ ಡಿಸ್ಕಿನ ಮೇಲೆ ವಿಂಡೋಸಿನ ‘ಚೆಕ್ ಡಿಸ್ಕ್’ ನಡೆಸಬಾರದು. ಅದು ಫೈಲುಗಳ ಲೆಕ್ಕವನ್ನು ಸರಿಪಡಿಸುವ ಗುಮಾಸ್ತನೇ ಹೊರತು ಯಂತ್ರವನ್ನು ಸರಿಪಡಿಸುವ ಮೇಸ್ತ್ರಿಯಲ್ಲ. ಲೆಕ್ಕ ಸರಿಯಾಗಬೇಕೆಂದು ಅದು ಡಿಸ್ಕಿನ ಮೇಲೆ ಬರೆಯುತ್ತದೆ, ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಿಸುತ್ತದೆ. ನಿತ್ರಾಣನಾದ ರೋಗಿಯನ್ನು ಗುಡ್ಡ ಹತ್ತಿಸಿದಂತಾಗುತ್ತದೆ.

ಮಾಡತಕ್ಕ ಕೆಲಸವೆಂದರೆ ಒಂದೇ. ಫೈಲು ಫೈಲಾಗಿ ಹುಡುಕುತ್ತ ಕೂರದೆ, ಇಡೀ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ, ಇದ್ದುದನ್ನು ಇದ್ದಂತೆ, ಆರೋಗ್ಯವಾದ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳುವುದು. ಉಳಿದ ಚಿಕಿತ್ಸೆಯೆಲ್ಲ ಆ ಪ್ರತಿಯ ಮೇಲೆ. ಮೂಲವನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಇದನ್ನು ಮಾಡುವುದಕ್ಕೆ ಕೆಟ್ಟ ಡಿಸ್ಕನ್ನು ಅವಲಂಬಿಸದೆ ತಾನೇ ಎದ್ದು ಮಾತಾಡಬಲ್ಲ ಒಂದು ವ್ಯವಸ್ಥೆ ಬೇಕು. ಒಳ್ಳೆಯ ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಡಿಸ್ಕನ್ನು ಜೋಡಿಸಿದರೆ ಸಾಲದೇ ಎಂದರೆ, ವಿಂಡೋಸು ಹೊಸ ಡಿಸ್ಕನ್ನು ಕಂಡೊಡನೆ ತಾನಾಗಿಯೇ ಅದನ್ನು ಓದಲು ಹೊರಟು, ಓದಲಾಗದೆ ಸ್ತಬ್ಧವಾಗುತ್ತದೆ. ಅದರೊಡನೆ ನಮ್ಮ ದನಿಯೂ ಸ್ತಬ್ಧ. ಲಿನಕ್ಸು ಹಾಗಲ್ಲ, ಹೇಳದೆ ಮುಟ್ಟಬಾರದೆಂದರೆ ಮುಟ್ಟುವುದಿಲ್ಲ. ಜರ್ಮನಿಯ ಕ್ಲಾಸ್ ಕ್ನೋಪರ್ ಎಂಬವರು ಕ್ನೋಪಿಕ್ಸ್ ಎಂಬ ಲಿನಕ್ಸನ್ನು ಸಿದ್ಧಪಡಿಸಿದ್ದಾರೆ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಟ್ಟುಕೊಂಡರೆ ಡಿಸ್ಕೇ ಇಲ್ಲದ ಕಂಪ್ಯೂಟರನ್ನೂ ಎಬ್ಬಿಸಬಲ್ಲುದು. ಅವರ ಪತ್ನಿ ಆಡ್ರಿಯಾನೆ ಅವರಿಗೆ ಕಣ್ಣು ಕಾಣಿಸದು. ಅವರಿಗೋಸ್ಕರವೆಂದೇ ಕ್ನೋಪರರು ಮಾತಾಡುವ ಒಂದು ವಿಧಾನವನ್ನು ಅದರೊಳಗೆ ಕೂಡಿಸಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಯಂತ್ರವು ಏಳುವಾಗ ‘ಆಡ್ರಿಯಾನೆ’ ಎಂಬ ಆ ಹೆಸರನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ಸ್ವಲ್ಪ ಹೊತ್ತಿನಲ್ಲಿ ದನಿ ಪ್ರಾರಂಭವಾಗುತ್ತದೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಸ್ಥಾಪನೆಯಲ್ಲಿಯೂ ‘ಎಸ್’ ಅಕ್ಷರವನ್ನು ಒತ್ತಿ ಎಂಟರ್ ಕೊಟ್ಟರೆ ಮಾತು ಬರುವಂತೆ ಮಾಡಿದ್ದಾರೆ.

ಆದರೆ ಪೆನ್‌ಡ್ರೈವಿನಿಂದ ಏಳಬೇಕೆಂದು ಕಂಪ್ಯೂಟರಿಗೆ ಮೊದಲು ತಿಳಿಸಬೇಕಷ್ಟೆ. ಅದನ್ನು ತಿಳಿಸುವ ಪರದೆಯು ಯಂತ್ರವು ಪೂರ್ತಿ ಎಚ್ಚರವಾಗುವುದಕ್ಕೆ ಮುಂಚೆ ಬರತಕ್ಕದ್ದು. ಅಲ್ಲಿ ಯಾವ ದನಿಯೂ ಇಲ್ಲ. ಅಂಧರ ಪಾಲಿಗೆ ಇಡೀ ಕೆಲಸದಲ್ಲಿ ಇದೊಂದೇ ದಾಟಲಾಗದ ತೋಡು. ಡೆನ್ಮಾರ್ಕಿನ ಹಾನ್ಸ್ ಯೋರ್ಗನ್ ವೀಬರ್ಗ್ ಎಂಬ ಮಂದದೃಷ್ಟಿಯ ಸದ್ಗೃಹಸ್ಥರು ಪ್ರಾರಂಭಿಸಿ 2015ರಲ್ಲಿ ಬಳಕೆಗೆ ಬಂದ ‘ಬಿ ಮೈ ಐಸ್’ ಎಂಬ ಏರ್ಪಾಡಿನಿಂದ, ಮೊಬೈಲಿನ ಕ್ಯಾಮರಾವನ್ನು ಪರದೆಗೆ ಹಿಡಿದು ದೂರದಲ್ಲಿರುವ ಸ್ವಯಂಸೇವಕರೊಬ್ಬರಿಂದ ಓದಿಸಿಕೊಳ್ಳಬಹುದು. ಆ ದಿನ ಮಳೆಯಿಂದಾಗಿ ನಮ್ಮಲ್ಲಿ ನೆಟ್‌ವರ್ಕ್ ಇರಲಿಲ್ಲ. ನೆರೆಮನೆಯಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು, ಅವಳನ್ನು ಕರೆದೆವು.

“ಮಾಷ್ಟ್ರೇ, ಎಲ್ಲ ಇಂಗ್ಲಿಷಿನಲ್ಲಿ ಉಂಟು, ಎಂತ ಓದಬೇಕು?” ಎಂದಳು.

“ಅರ್ಥವಾಗಬೇಕಾಗಿಲ್ಲ ಮಗೂ, ಅಕ್ಷರ ಹೇಳು. ಎಷ್ಟು ಸಾಲು ಉಂಟು? ಯು ಎಸ್ ಬಿ ಎಂಬುದು ಎಷ್ಟನೆಯ ಸಾಲು?”

“ಐದು ಸಾಲು. ಯು ಎಸ್ ಬಿ ಮೂರನೆಯದು. ಈಗ ಬಿಳಿ ಪಟ್ಟಿ ಒಂದನೆಯದರ ಮೇಲೆ ಉಂಟು.”

ಕೆಳಬಾಣದ ಕೀಲಿಯನ್ನು ಎರಡು ಸಲ ಒತ್ತಿ ಎಂಟರ್ ಕೊಟ್ಟೆವು. ಎಷ್ಟು ಸಲ ಯಾವ ಕೀಲಿ ಎಂಬುದನ್ನು ಆಗಲೇ ಬ್ರೈಲ್ ಲಿಪಿಯಲ್ಲಿ ಚುಚ್ಚಿ ಇಟ್ಟುಕೊಂಡೆವು. ಎರಡನೆಯ ಸಲಕ್ಕೆ ಹುಡುಗಿಯನ್ನು ಕರೆಯಬೇಕಾಗಲಿಲ್ಲ. ಅಂಧ ವಿದ್ಯಾರ್ಥಿಗಳಿರುವ ಮನೆಯವರು ಯಂತ್ರವು ಸರಿಯಿರುವಾಗಲೇ ಈ ಕೀಲಿಗಳ ಲೆಕ್ಕವನ್ನು ಬರೆದಿಡುವುದು ಉತ್ತಮ.

ಈಗ ಮೇಜಿನ ಮೇಲೆ ಎರಡು ಡಿಸ್ಕುಗಳಿದ್ದುವು. ಹಳೆಯದು 500 ಗಿಗಾಬೈಟಿನದು, ಹೊಸದು ಒಂದು ಟೆರಾಬೈಟಿನದು. ಹಳೆಯದಕ್ಕೆ ರಬ್ಬರ್ ಬ್ಯಾಂಡನ್ನೂ ಹೊಸದಕ್ಕೆ ಗಂಟು ಹಾಕಿದ ನೂಲನ್ನೂ ಸುತ್ತಿದ್ದೆವು. ಕೈಗೆ ಅಷ್ಟು ಸಾಕು. ಆದರೆ ಯಂತ್ರಕ್ಕೆ ಅವು ‘ಎಸ್ ಡಿ ಎ’, ‘ಎಸ್ ಡಿ ಬಿ’ ಎಂಬ ಹೆಸರುಗಳು ಮಾತ್ರ. ಯಂತ್ರದ ದನಿಯಲ್ಲಿ ಬಿ, ಡಿ, ಪಿ ಈ ಅಕ್ಷರಗಳನ್ನು ಬೇರ್ಪಡಿಸಿ ಕೇಳುವುದು ಕಷ್ಟ. ಎಲ್ಲಿಂದ ಎಲ್ಲಿಗೆ ಎಂಬುದು ತಿರುಗುಮುರುಗಾದರೆ ಹೊಸ ಡಿಸ್ಕಿನ ಶೂನ್ಯವು ಹಳೆಯ ಡಿಸ್ಕಿನ ಮೇಲೆ ಬರೆಯಲ್ಪಟ್ಟು, ಹದಿನಾಲ್ಕು ವರ್ಷಗಳ ಸಂಗ್ರಹವು ನಮ್ಮ ಕೈಯಿಂದಲೇ ಅಳಿದುಹೋಗುತ್ತಿತ್ತು. ಆದಕಾರಣ ಹೆಸರನ್ನು ನಂಬದೆ ಎರಡರ ಗಾತ್ರವನ್ನೂ ಕ್ರಮಸಂಖ್ಯೆಯನ್ನೂ ಓದಿಸಿದೆವು. ಬಳಿಕ ಹಳೆಯದನ್ನು ‘ಓದಲು ಮಾತ್ರ, ಬರೆಯಲು ಅಲ್ಲ’ ಎಂದು ಆಜ್ಞೆಯಿಂದ ಕಟ್ಟಿಹಾಕಿದೆವು. ಮೂರು ಸಲ ಪರೀಕ್ಷಿಸಿದ ಮೇಲೂ ಎಂಟರ್ ಕೀಲಿಯ ಮೇಲಿಟ್ಟ ಬೆರಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು.

ಡಿಸ್ಕು ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಡುತ್ತದೆ. ಅದನ್ನು ‘ಸ್ಮಾರ್ಟ್’ ಎನ್ನುತ್ತಾರೆ. ಹಾಳಾಗಿ ಬದಲಿ ಜಾಗಕ್ಕೆ ಸಾಗಿಸಿದ ಖಂಡಗಳೆಷ್ಟು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವುವೆಷ್ಟು, ಈ ಎರಡು ಸಂಖ್ಯೆಗಳೇ ಮುಖ್ಯ. ಎರಡೂ ಸೊನ್ನೆಯಾಗಿದ್ದರೆ ಕ್ಷೇಮ. ಏರುತ್ತ ಹೋದರೆ ಅಪಾಯ. ಇದು ಬರಿಯ ಅಕ್ಷರರೂಪದ ವರದಿಯಾದುದರಿಂದ ನಮ್ಮ ಓದುಗಯಂತ್ರಕ್ಕೆ ಬಹಳ ಅನುಕೂಲ. ನಮ್ಮಲ್ಲಿ ಎರಡೂ ಏರಿದ್ದುವು.

ಪ್ರತಿ ಮಾಡುವುದಕ್ಕೆ ನಾವು ಬಳಸಿದುದು ‘ಡಿಡಿ-ರೆಸ್ಕ್ಯೂ’ ಎಂಬ ತಂತ್ರಾಂಶ. ಆಂಟೊನಿಯೊ ಡಿಯಾಸ್ ಡಿಯಾಸ್ ಎಂಬವರು ಬರೆದುದು. ಇದರ ಜಾಣತನವು ಸರಳವಾಗಿದೆ. ಸಾಮಾನ್ಯವಾಗಿ ಪ್ರತಿ ಮಾಡುವಾಗ ಕೆಟ್ಟ ಜಾಗ ಬಂದರೆ ಕೆಲಸವು ಅಲ್ಲಿಯೇ ಮುಗ್ಗರಿಸಿ ನಿಲ್ಲುತ್ತದೆ. ಇದು ನಿಲ್ಲದೆ ಕೆಟ್ಟ ಜಾಗವನ್ನು ಹಾರಿ ಮುಂದೆ ಹೋಗುತ್ತದೆ. ಒಳ್ಳೆಯದೆಲ್ಲವನ್ನೂ ಮೊದಲು ಬಾಚಿಕೊಂಡು, ತರುವಾಯ ಹಾರಿದ ಜಾಗಗಳ ಅಂಚುಗಳನ್ನು ಓದುತ್ತದೆ. ಕೊನೆಗೆ ಮಧ್ಯದ ಕಷ್ಟದ ಭಾಗವನ್ನು ಚೂರು ಚೂರಾಗಿ ಕೆರೆಯುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾಗಿಲ ಬಳಿಯಿರುವ ಮಕ್ಕಳನ್ನು ಮೊದಲು ಹೊರತಂದು, ಭದ್ರವಾಗಿ ಮುಚ್ಚಿಕೊಂಡ ಕೋಣೆಯ ಚಿಲಕವನ್ನು ಆಮೇಲೆ ಒಡೆಯುವ ಕ್ರಮವಿದು. ಡಿಸ್ಕು ಯಾವಾಗ ಪೂರ್ತಿ ನಿಲ್ಲುವುದೋ ತಿಳಿಯದಿರುವಾಗ ಕ್ರಮವೇ ಪ್ರಾಣ.

ಎಲ್ಲೆಲ್ಲಿ ಓದಿದುದು, ಎಲ್ಲೆಲ್ಲಿ ಓದಲಾಗದುದು ಎಂಬ ನಕ್ಷೆಯನ್ನು ಅದು ಒಂದು ಫೈಲಿನಲ್ಲಿ ಬರೆಯುತ್ತ ಹೋಗುತ್ತದೆ. ಕರೆಂಟು ಹೋದರೂ ನಕ್ಷೆಯಿದ್ದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಆದರೆ ಪೆನ್‌ಡ್ರೈವಿನಿಂದ ಎದ್ದ ಯಂತ್ರದಲ್ಲಿ ಕೆಲಸದ ಫೈಲುಗಳು ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುತ್ತವೆಂಬುದನ್ನು ನಾವು ಮರೆತೆವು. ಮೊದಲ ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು, ನಕ್ಷೆಯೂ ಹೋಯಿತು. ಮೊದಲಿನಿಂದ ಪ್ರಾರಂಭಿಸಬೇಕಾಯಿತು. ಎರಡನೆಯ ಸಲ ನಕ್ಷೆಗೆಂದೇ ಇನ್ನೊಂದು ಪೆನ್‌ಡ್ರೈವನ್ನು ಜೋಡಿಸಿ, ಬಂಧುಗಳ ಮನೆಯಿಂದ ಇನ್ವರ್ಟರನ್ನು ತರಿಸಿಕೊಂಡೆವು.

ಆರೋಗ್ಯವಾದ 500 ಗಿಗಾಬೈಟಿನ ಡಿಸ್ಕನ್ನು ಸೆಕೆಂಡಿಗೆ 80 ಮೆಗಾಬೈಟಿನಂತೆ ಓದಿದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ನಮ್ಮದು ಮೂರು ದಿನ ಹಿಡಿಯಿತು. ಈ ತಂತ್ರಾಂಶವು ಕ್ಷಣಕ್ಷಣಕ್ಕೂ ತನ್ನ ಲೆಕ್ಕವನ್ನು ಪರದೆಯ ಮೇಲೆ ಬದಲಾಯಿಸುತ್ತದೆ. ಕಣ್ಣಿಗೆ ಅದು ಅನುಕೂಲವಿರಬಹುದು. ನಮಗೆ ಅದು ನಿಲ್ಲದ ಗೊಣಗಾಟ. ಮಾತಾಡಬೇಡವೆಂದು ಅದಕ್ಕೆ ಹೇಳುವ ಒಂದು ಆಜ್ಞೆಯಿದೆ. ಅದನ್ನು ಕೊಟ್ಟು, ಗಂಟೆಗೊಮ್ಮೆ ನಕ್ಷೆಯ ಫೈಲನ್ನು ನಾವೇ ತೆರೆದು ಓದಿಸಿಕೊಂಡೆವು. ಓದಿದುದಕ್ಕೆ ಕೂಡಿಸುವ ಚಿಹ್ನೆ, ಕೆಟ್ಟುದಕ್ಕೆ ಕಳೆಯುವ ಚಿಹ್ನೆ, ಇನ್ನೂ ಮುಟ್ಟದುದಕ್ಕೆ ಪ್ರಶ್ನೆಯ ಚಿಹ್ನೆ. ಇಷ್ಟು ಸ್ಪಷ್ಟವಾದ ವರದಿಯನ್ನು ಬರೆಯುವವರು ಮನುಷ್ಯರಲ್ಲಿಯೂ ಕಡಿಮೆ. ನಡುವೆ ಕಿವಿಯನ್ನು ಡಿಸ್ಕಿನ ಕಡೆಗೇ ಇಟ್ಟಿದ್ದೆವು. ಟಿಕ್ ಶಬ್ದ ಹೆಚ್ಚಿದಾಗ ನಿಲ್ಲಿಸಿ ತಣಿಯಲು ಬಿಟ್ಟು, ಆಮೇಲೆ ಕೊನೆಯಿಂದ ಮೊದಲಿನ ಕಡೆಗೆ ಓದಿಸಿದೆವು. ಈ ಹಿಮ್ಮುಖದ ಓದಿನಿಂದ, ಮುಂದಿನಿಂದ ಬಾರದೆ ಇದ್ದ ಹಲವು ಖಂಡಗಳು ದೊರೆತುವು.

ಕೊನೆಗೆ ಉಳಿದ ಲೆಕ್ಕವನ್ನು ಗಣಿತದಲ್ಲಿ ಆಸಕ್ತಿಯಿರುವ ಮಕ್ಕಳು ನೋಡಬಹುದು. ನಮ್ಮ ಡಿಸ್ಕಿನಲ್ಲಿ 512 ಬೈಟುಗಳಂತೆ ಎಣಿಸಿದರೆ 97,67,73,168 ಖಂಡಗಳು. ಆದರೆ ತಟ್ಟೆಯ ಮೇಲೆ ಅವು 4096 ಬೈಟುಗಳ ದೊಡ್ಡ ಖಂಡಗಳಾಗಿ ಇರುತ್ತವೆ. ಓದಲಾಗದೆ ಉಳಿದುವು ಅಂತಹ 45 ದೊಡ್ಡ ಖಂಡಗಳು. ಅಂದರೆ 1,84,320 ಬೈಟುಗಳು ಮಾತ್ರ. 50,000 ಕೋಟಿಯಲ್ಲಿ ಎರಡು ಲಕ್ಷವೂ ಇಲ್ಲ. ಆದರೆ ನಷ್ಟವನ್ನು ಗಾತ್ರದಿಂದ ಅಳೆಯುವುದು ಸರಿಯಲ್ಲ. ಎಲ್ಲಿ ಹೋಯಿತೆಂಬುದನ್ನು ನೋಡಬೇಕು. ಡಿಡಿ-ರೆಸ್ಕ್ಯೂವಿಗೆ ಒಂದು ಉಪಾಯವಿದೆ: ಪ್ರತಿಯಲ್ಲಿ ಖಾಲಿಯಾಗಿ ಉಳಿದ ತೂತುಗಳನ್ನೆಲ್ಲ ನಾವು ಕೊಟ್ಟ ಒಂದು ಶಬ್ದದಿಂದ ತುಂಬಿಸುತ್ತದೆ. ತರುವಾಯ ಆ ಶಬ್ದವು ಯಾವ ಯಾವ ಫೈಲಿನಲ್ಲಿ ಇದೆಯೆಂದು ಹುಡುಕಿದರೆ ಗಾಯಗೊಂಡವು ಯಾವುವೆಂದು ತಿಳಿಯುತ್ತದೆ. 20 ಖಂಡಗಳು ಖಾಲಿ ಜಾಗದಲ್ಲಿಯೂ ವಿಂಡೋಸಿನ ಸ್ವಂತ ಫೈಲುಗಳಲ್ಲಿಯೂ ಇದ್ದುವು, ಅವುಗಳಿಗಾಗಿ ಚಿಂತೆಯಿಲ್ಲ. 14 ಖಂಡಗಳು ಧ್ವನಿಮುದ್ರಣಗಳೊಳಗೆ ಬಿದ್ದಿದ್ದುವು. ನಮ್ಮ ಮುದ್ರಣಗಳು ಸೆಕೆಂಡಿಗೆ 16,000 ಬೈಟಿನ ಎಂ.ಪಿ. 3 ರೂಪದಲ್ಲಿದ್ದುದರಿಂದ ಒಂದು ಖಂಡವೆಂದರೆ ಕಾಲು ಸೆಕೆಂಡು. ಹದಿನಾಲ್ಕೂ ಸೇರಿ ಮೂರೂವರೆ ಸೆಕೆಂಡು. ಎಂ.ಪಿ. 3 ಫೈಲು ಸಣ್ಣ ಸಣ್ಣ ತುಣುಕುಗಳ ಸರಮಾಲೆಯಾದುದರಿಂದ ನಾಲ್ಕು ಮಣಿ ಉದುರಿದರೂ ಉಳಿದ ಸರ ನಿಲ್ಲುತ್ತದೆ. ‘ಕರ್ಣಪರ್ವ’ದ ಒಂದು ಕೂಟದಲ್ಲಿ ಶಲ್ಯನು ಏನೋ ಕಟುವಾಗಿ ಹೇಳಹೊರಟಾಗ ಒಂದು ಅಕ್ಷರ ನುಂಗಿದಂತಾಗುತ್ತದೆ, ಅಷ್ಟೆ. ವರ್ಡ್ ಕಡತಗಳು ಹಾಗಲ್ಲ. ಅವು ಒಳಗೇ ಮಡಚಿ ಬಿಗಿದ ಗಂಟುಗಳು. ನಡುವೆ ತುಸು ಕೆಟ್ಟರೂ ಇಡೀ ಗಂಟು ಬಿಚ್ಚದಿರುವುದುಂಟು.

ಉಳಿದ 11 ಖಂಡಗಳೇ ನಮ್ಮನ್ನು ಅಳಿಸಿದುವು. ಅವು ಬಿದ್ದುದು ಫೈಲುಗಳ ಸೂಚಿಯಲ್ಲಿ. ವಿಂಡೋಸಿನ ಡಿಸ್ಕಿನಲ್ಲಿ ಪ್ರತಿಯೊಂದು ಫೈಲಿನ ಹೆಸರನ್ನೂ ಅದು ಇರುವ ಜಾಗವನ್ನೂ ಬರೆದ ಒಂದು ಸೂಚಿಯಿರುತ್ತದೆ. ಒಂದು ಫೈಲಿಗೆ 1024 ಬೈಟಿನ ಒಂದು ಚೀಟಿ. ಒಂದು ಖಂಡದಲ್ಲಿ ನಾಲ್ಕು ಚೀಟಿ. ಹನ್ನೊಂದು ನಾಲ್ಕಲಿ ನಲವತ್ತನಾಲ್ಕು. ನಮ್ಮ ದುರದೃಷ್ಟಕ್ಕೆ ಆ 44 ಚೀಟಿಗಳೂ ತಾಳಮದ್ದಳೆಯವೇ ಆಗಿದ್ದುವು. ಗ್ರಂಥಾಲಯದಲ್ಲಿ ಪುಸ್ತಕವಿದೆ, ಪಟ್ಟಿಯ ಹಾಳೆ ಹರಿದಿದೆ ಎಂಬಂತಹ ಸ್ಥಿತಿ.

ಇದಕ್ಕೆ ಕ್ರಿಸ್ತೋಫ್ ಗ್ರೆನಿಯೇ ಎಂಬವರ ‘ಫೋಟೋರೆಕ್’ ಉಪಯೋಗಕ್ಕೆ ಬರುತ್ತದೆ. ಹೆಸರು ಫೋಟೋ ಎಂದಿದ್ದರೂ ಧ್ವನಿಯನ್ನೂ ಹುಡುಕುತ್ತದೆ. ಸೂಚಿಯನ್ನು ನೋಡದೆ, ಖಾಲಿ ಎಂದು ಲೆಕ್ಕಕ್ಕೆ ಬಂದ ಜಾಗವನ್ನೆಲ್ಲ ಸೋಸಿ, ಎಂ.ಪಿ. 3ಯ ಲಕ್ಷಣ ಕಂಡಲ್ಲಿ ಎತ್ತಿಕೊಡುತ್ತದೆ. ಅದರ ಪಟ್ಟಿಗಳಲ್ಲಿ ಸಾಲನ್ನು ಆಯ್ದುಕೊಳ್ಳುವುದು ನಮ್ಮಂಥವರಿಗೆ ಕಿರಿಕಿರಿಯೇ. ಬಾಣದ ಕೀಲಿಯನ್ನು ಎಣಿಸಿ ಒತ್ತಬೇಕು. 44ರಲ್ಲಿ 41 ದೊರೆತುವು. ಬೇರೆ ಬೇರೆ ಕಡೆ ಚದರಿಹೋಗಿದ್ದ 3 ಕೂಟಗಳು ಅರ್ಧಂಬರ್ಧವಾಗಿ ಸಿಕ್ಕು ಕೇಳಲಾರದಂತಿದ್ದುವು. ಸಿಕ್ಕ 41ಕ್ಕೂ ಹೆಸರಿಲ್ಲ. ಎಫ್ ಅಕ್ಷರ, ಅದರ ಮುಂದೆ ಡಿಸ್ಕಿನಲ್ಲಿ ಸಿಕ್ಕಿದ ಜಾಗದ ಸಂಖ್ಯೆ.

ಹೆಸರಿಡುವುದಕ್ಕೆ ಕೇಳುವುದೊಂದೇ ದಾರಿ. ದಿನ, ಸ್ಥಳ, ಪ್ರಸಂಗ ಇವನ್ನು ಮುದ್ರಣದ ಆರಂಭದಲ್ಲಿ ಬಾಯಲ್ಲಿ ಹೇಳುವ ಅಭ್ಯಾಸ ನಮಗೆ ಆಗ ಇರಲಿಲ್ಲ, ಈಗ ಇದೆ. ಪ್ರಸಂಗವು ಹತ್ತು ನಿಮಿಷದೊಳಗೆ ತಿಳಿಯುತ್ತಿತ್ತು, ಅರ್ಥಧಾರಿಗಳು ದನಿಯಿಂದ ತಿಳಿಯುತ್ತಿದ್ದರು. ಊರು ಯಾವುದು, ವರ್ಷ ಯಾವುದು ಎಂಬುದಕ್ಕೆ ಹಿನ್ನೆಲೆಯನ್ನು ಆಲಿಸಬೇಕಾಯಿತು. ಒಂದರಲ್ಲಿ ದೇವಸ್ಥಾನದ ಗಂಟೆಯಿಂದ ಊರು ತಿಳಿಯಿತು. ಇನ್ನೊಂದರಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆಯಿಂದ, ಆ ವರ್ಷ ಚಪ್ಪರ ಹಾಕಿರಲಿಲ್ಲವೆಂಬ ನೆನಪಿನಿಂದ, ವರ್ಷ ತಿಳಿಯಿತು. ‘ವಾಲಿವಧೆ’ಯ ಒಂದರಲ್ಲಿ ಚೆಂಡೆಯ ಮುಚ್ಚಿಗೆ ಸಡಿಲವಾಗಿದೆಯೆಂದು ಯಾರೋ ಪಿಸುಗುಟ್ಟಿದ್ದರು, ಆ ಪಿಸುಮಾತು ನಮ್ಮದೇ.

ಇನ್ನೊಂದು ವಿಷಯವನ್ನು ಕನ್ನಡದವರು ತಿಳಿದಿರತಕ್ಕದ್ದು. ಪ್ರಸಂಗಗಳ ಮೇಲಿನ ಟಿಪ್ಪಣಿಗಳನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಬಹಳ ಹಿಂದೆ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿ ಕೊಟ್ಟಿದ್ದರು. ಅವು ಕ್ಷೇಮವಾಗಿ ದೊರೆತುವು. ತೆರೆದು ಓದಿಸಿದರೆ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಂತೆ! ಡಿಸ್ಕು ಕೆಡಿಸಿತೆಂದೇ ತಿಳಿದೆವು. ನೆರೆಮನೆಯ ಹುಡುಗಿ ಬಂದು ನೋಡಿ, “ಮಾಷ್ಟ್ರೇ, ಚಂದದ ಕನ್ನಡವೇ ಉಂಟಲ್ಲ!” ಎಂದಳು. ಸಂಗತಿಯೇನೆಂದರೆ, ಹಳೆಯ ಶೈಲಿಯಲ್ಲಿ ಒಳಗೆ ಕೂಡಿಟ್ಟಿರುವುದು ಇಂಗ್ಲಿಷಿನ ಸಂಕೇತಗಳನ್ನೇ. ಅವುಗಳ ಮೇಲೆ ಕನ್ನಡದ ರೂಪವನ್ನು ಬಣ್ಣದಂತೆ ಹಚ್ಚಿದೆ. ಕಣ್ಣು ಬಣ್ಣವನ್ನು ಓದುತ್ತದೆ, ಯಂತ್ರವು ಸಂಕೇತವನ್ನು ಓದುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಯಂತ್ರವು ನಿರರ್ಗಳವಾಗಿ ಓದಿತು. ಮನೆಯಲ್ಲಿ ಹಳೆಯ ನುಡಿಯ ಕಡತಗಳಿರುವವರು ಅವನ್ನು ಈಗಲೇ ಪರಿವರ್ತಿಸಿಡುವುದು ಒಳಿತು. ಕಣ್ಣಿದ್ದವರಿಗೂ ಇದರಿಂದ ಲಾಭವುಂಟು, ಹಾಗೆ ಮಾಡದಿದ್ದರೆ ಅವುಗಳಲ್ಲಿ ಒಂದು ಶಬ್ದವನ್ನೂ ಕನ್ನಡದಲ್ಲಿ ಹುಡುಕಲಾಗದು.

ಈಗ ನಮ್ಮ ಸಂಗ್ರಹದ ಮೂರು ಪ್ರತಿಗಳಿವೆ. ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ಕಪಾಟಿನಲ್ಲಿರುವ ಡಿಸ್ಕಿನಲ್ಲಿ, ಒಂದು ಮಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ. ಮನೆಯ ಕಂಪ್ಯೂಟರಿಗೆ ಈಗ ತಟ್ಟೆಯೇ ಇಲ್ಲದ, ತಿರುಗುವ ಭಾಗವಿಲ್ಲದ ಹೊಸ ಬಗೆಯ ಸಂಗ್ರಾಹಕವನ್ನು ಹಾಕಿಸಿದ್ದೇವೆ. ಬಹಳ ಚುರುಕು. ಆದರೆ ಅದು ಕೆಡುವಾಗ ಶಬ್ದ ಮಾಡುವುದಿಲ್ಲ. ಮುನ್ಸೂಚನೆ ಕೊಡುತ್ತಿದ್ದ ಆ ಟಿಕ್ ದನಿಯ ಉಪಕಾರ ಇನ್ನಿಲ್ಲ. ಅದಕ್ಕೋಸ್ಕರ ತಿಂಗಳ ಮೊದಲ ಭಾನುವಾರ ಸ್ಮಾರ್ಟ್ ವರದಿಯನ್ನು ಓದಿಸಿ ಪ್ರತಿ ತೆಗೆಯುತ್ತೇವೆ.

41 ಕೂಟಗಳಲ್ಲಿ 38ಕ್ಕೆ ಹೆಸರು, ಊರು, ವರ್ಷ ಎಲ್ಲವನ್ನೂ ಹೊಂದಿಸಿಯಾಯಿತು. ಮೂರು ಉಳಿದಿವೆ. ಒಂದು ‘ಪಂಚವಟಿ’, ಒಂದು ‘ಸುಧನ್ವ ಮೋಕ್ಷ’, ಇನ್ನೊಂದು ‘ಭೀಷ್ಮ ವಿಜಯ’. ಪ್ರಸಂಗವು ಸ್ಪಷ್ಟ, ಭಾಗವತರು ಯಾರು, ಅಂಬೆಯ ಅರ್ಥ ಹೇಳಿದವರು ಯಾರು ಎಂಬುದು ನಮಗೆ ಗೊತ್ತಾಗಲಿಲ್ಲ. ಈ ಮೂರನ್ನೂ ಶಾಲೆಯ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹಾಕಿಸಿದ್ದೇವೆ. ವಾರ್ಷಿಕೋತ್ಸವಕ್ಕೆ ಬರುವ ಹಿರಿಯರು ಒಂದು ಹತ್ತು ನಿಮಿಷ ಕುಳಿತು ಕೇಳಿ, ಗುರುತು ಸಿಕ್ಕಿದರೆ ಅಲ್ಲಿಟ್ಟಿರುವ ಪುಸ್ತಕದಲ್ಲಿ ಬರೆದು ಹೋಗಬೇಕಾಗಿ ವಿನಂತಿ.